ತೊಣ್ಣೂರಿನ ದಡದಲ್ಲಿ ಒಂದು ಹಳೆಯ ದೋಣಿ

ಪಾಂಡವಪುರದಿಂದ ಹೊರಟ ಬಸ್ಸು ಕಬ್ಬಿನ ಗದ್ದೆ, ತೆಂಗಿನ ತೋಟಗಳನ್ನು ಹಾದು ಸುಮಾರು ಹತ್ತು ಕಿ.ಮೀ. ಸಾಗಿದರೆ ತೊಣ್ಣೂರು ಬರುತ್ತದೆ. ‘ಕೆರೆ ತೊಣ್ಣೂರು’ ಎಂದೇ ಜನರ ಬಾಯಲ್ಲಿ ರೂಢಿ. ಊರಿಗಿಂತ ಕೆರೆಯ ಹೆಸರೇ ದೊಡ್ಡದು. ಊರೊಳಗಿನ ದೇವಸ್ಥಾನಗಳನ್ನು ದಾಟಿ ಏರಿಯ ಮೇಲೆ ಕಾಲಿಟ್ಟವರು ಒಂದು ಗಳಿಗೆ ಮಾತು ನಿಲ್ಲಿಸುತ್ತಾರೆ. ಸುತ್ತ ಬೋಳು ಬಂಡೆಗಳ ಗುಡ್ಡ, ನಡುವೆ ತಿಳಿಯಾದ ನೀರು. ಮಂಡ್ಯ ಜಿಲ್ಲೆಯಲ್ಲಿ ನೀರಿಗೆ ಬರವಿಲ್ಲ. ಆದರೆ ಇಂಥ ತಿಳಿನೀರು ಎಲ್ಲೆಡೆ ಸಿಗುವುದಿಲ್ಲ.

ದಖ್ಖಣದ ಸುಬೇದಾರನ ಮಗ ನಾಸಿರ್ ಜಂಗ್ 1746ರಲ್ಲಿ ಇಲ್ಲಿಗೆ ಬಂದಾಗ ಈ ನೀರನ್ನು ಕಂಡು ‘ಮೋತಿ ತಲಾಬ್’, ಅಂದರೆ ಮುತ್ತಿನ ಕೆರೆ, ಎಂದು ಕರೆದನಂತೆ. ಅದಕ್ಕೂ ಹಿಂದೆ ಇದಕ್ಕೆ ತಿರುಮಲ ಸಾಗರ ಎಂಬ ಹೆಸರಿತ್ತು. ರಾಮಾನುಜಾಚಾರ್ಯರು ಮೇಲುಕೋಟೆಗೆ ಹೋಗುವ ಮುನ್ನ ಇಲ್ಲಿ ತಂಗಿದ್ದರು, ಕೆರೆ ಕಟ್ಟಿಸಿದವರೂ ಅವರೇ ಎಂಬುದು ಸಂಪ್ರದಾಯದ ನಂಬಿಕೆ. ಹೊಯ್ಸಳರ ಕಾಲದಲ್ಲಿ ಊರಿಗೆ ಯಾದವಪುರಿ ಎಂಬ ಹೆಸರೂ ಇತ್ತು. 14ನೇ ಶತಮಾನದ ಮೊದಲ ಭಾಗದಲ್ಲಿ ದೆಹಲಿಯ ಸೈನ್ಯದಿಂದ ದ್ವಾರಸಮುದ್ರ ಹಾಳಾದ ಮೇಲೆ ಮೂರನೆಯ ಬಲ್ಲಾಳ ಕೆಲಕಾಲ ಆಶ್ರಯ ಪಡೆದದ್ದು ಇಲ್ಲಿಯೇ. ನಂಬಿ ನಾರಾಯಣ, ವೇಣುಗೋಪಾಲ, ಗುಡ್ಡದ ಮೇಲಿನ ಯೋಗಾನರಸಿಂಹ ಎಂದು ನೋಡತಕ್ಕ ಗುಡಿಗಳು ಹಲವಿವೆ.

ಗುಡಿಗಳ ವಿಷಯ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಕೆರೆಯ ದಡದಲ್ಲಿ ಮಗುಚಿ ಹಾಕಿದ್ದ ಒಂದು ಹಳೆಯ ದೋಣಿಯ ಬಗ್ಗೆ ಯಾರೂ ಬರೆದಂತಿಲ್ಲ. ಈ ಲೇಖನ ಅದರ ಕುರಿತು.

ತೆಪ್ಪದ ಸೀಮೆಗೆ ಬಂದ ಫೈಬರ್

ಹಳೆ ಮೈಸೂರು ಸೀಮೆಯ ಕೆರೆ, ಹೊಳೆಗಳಲ್ಲಿ ಮೀನು ಹಿಡಿಯುವವರ ವಾಹನ ತೆಪ್ಪ. ಬಿದಿರಿನ ಸೀಳುಗಳನ್ನು ಮಂಕರಿಯಂತೆ ಹೆಣೆದು, ಮೇಲೆ ತೊಗಲು ಹೊದಿಸುತ್ತಿದ್ದರು. ಹಂಪಿಯ ಕಡೆ ಇದನ್ನೇ ಹರಿಗೋಲು ಎನ್ನುತ್ತಾರೆ. ವಿಜಯನಗರಕ್ಕೆ ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಇಂಥ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು ಬಂದಿದೆ. ಬಿದಿರು ಕೊಳೆತರೆ ಕಣ್ಣಿಗೆ ಕಾಣುತ್ತದೆ. ಆ ಸೀಳನ್ನು ಕಿತ್ತು ಬೇರೆ ಸೀಳು ಹೆಣೆದರೆ ಆಯಿತು. ರಿಪೇರಿಗೆ ಯಾರನ್ನೂ ಕಾಯಬೇಕಿಲ್ಲ.

ಫೈಬರ್ ದೋಣಿಯ ಮಾತು ಬೇರೆ. ಗಾಜನ್ನು ಕರಗಿಸಿ ಕೂದಲಿಗಿಂತ ತೆಳ್ಳಗೆ ಎಳೆದ ನೂಲಿನ ಚಾಪೆಯನ್ನು ರೆಸಿನ್ ಎಂಬ ಅಂಟಿನಲ್ಲಿ ನೆನೆಸಿ, ಅಚ್ಚಿನ ಮೇಲೆ ಪದರಪದರವಾಗಿ ಹಾಕಿ ಗಟ್ಟಿಯಾಗಿಸಿದರೆ ಫೈಬರ್ ದೋಣಿಯ ಮೈ ಸಿದ್ಧ. ಮಣ್ಣಿನ ಗೋಡೆಗೆ ಹುಲ್ಲು ಕಲಸುವ ನಮ್ಮ ಹಳ್ಳಿಯ ಬುದ್ಧಿಯೇ ಇಲ್ಲಿಯದೂ. ಹುಲ್ಲು ಎಳೆತವನ್ನು ತಡೆಯುತ್ತದೆ, ಮಣ್ಣು ಹುಲ್ಲನ್ನು ಹಿಡಿದಿಡುತ್ತದೆ. ಅಮೆರಿಕದಲ್ಲಿ 1940ರ ದಶಕದಲ್ಲಿ ಶುರುವಾದ ಈ ದೋಣಿಗಳು ನಮ್ಮ ಕರಾವಳಿಯಲ್ಲೂ ಈಗ ಸಾಮಾನ್ಯ. ಅಲ್ಲಿಂದ ಒಳನಾಡಿನ ಜಲಾಶಯಗಳಿಗೂ ಬಂದಿವೆ.

ತೊಣ್ಣೂರಿನ ದಡದಲ್ಲಿದ್ದದ್ದು ಅಂಥ ಒಂದು ದೋಣಿ. ಹದಿನೈದು ಅಡಿ ಉದ್ದ. ಎಲ್ಲೋ ಕೆಲಸ ಮುಗಿಸಿ ಮೂಲೆಗೆ ಬಿದ್ದಿದ್ದನ್ನು ಮೀನುಗಾರನೊಬ್ಬ ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದಿದ್ದ. ಮೈ ನೋಡಿದರೆ ಗಟ್ಟಿ, ಬಣ್ಣ ಮಾತ್ರ ಮಾಸಿತ್ತು. ಹಿಂಬದಿಗೆ ಒಂದು ಸಣ್ಣ ಎಂಜಿನ್ ಕೂರಿಸಿಕೊಂಡರೆ ಬಲೆ ಹಾಕಲು ಕೆರೆಯ ಆಚೆ ತುದಿಗೆ ಬೇಗ ಹೋಗಿಬರಬಹುದು ಎಂಬುದು ಅವನ ಲೆಕ್ಕ. ಎರಡನೇ ಪಿ.ಯು.ಸಿ. ಓದುವ ಮಗ ರಜೆಯಲ್ಲಿ ಜೊತೆಗೆ ಬರುತ್ತಿದ್ದ. ದೋಣಿ ನೋಡಲು ಕರೆಸಿದ್ದು ಮಲ್ಪೆಯ ಕಡೆ ಬಹಳ ವರ್ಷ ದೋಣಿ ಕಟ್ಟುವ ಕೆಲಸ ಮಾಡಿ ಊರಿಗೆ ಮರಳಿದ್ದ ಒಬ್ಬ ವಯಸ್ಸಾದ ಮೇಸ್ತ್ರಿಯನ್ನು.

ಮೇಸ್ತ್ರಿ ಬಂದವರೇ ಸುತ್ತಿಗೆಯ ಹಿಡಿಯಿಂದ ದೋಣಿಯ ಮೈಯನ್ನು ಅಂಗುಲ ಅಂಗುಲ ಬಡಿಯತೊಡಗಿದರು. ಪಕ್ಕದ ಮೈ ಟಣ್ ಟಣ್ ಎಂದಿತು. ಎಂಜಿನ್ ಕೂರುವ ಹಿಂಬದಿಯ ಹಲಗೆಗೆ ಬಂದಾಗ ಸದ್ದು ಡಬ್ ಡಬ್ ಎಂದು ಬದಲಾಯಿತು. ತಳದ ಉದ್ದ ತೊಲೆಗಳಲ್ಲೂ ಎರಡು ಕಡೆ ಅದೇ ಸದ್ದು. ಸಣ್ಣ ಬೈರಿಗೆಯಿಂದ ಹಿಂಬದಿಯ ಹಲಗೆಗೆ ಒಳಗಡೆಯಿಂದ ಒಂದು ತೂತು ಕೊರೆದರು. ಒಣ ಹೊಟ್ಟು ಬರಬೇಕಾದಲ್ಲಿ ಕಾಫಿ ಚರಟದಂಥ ಕಪ್ಪು ಒದ್ದೆ ಪುಡಿ ಬಂತು. ಹಿಂದೆಯೇ ನೀರಿನ ಸಣ್ಣ ಧಾರೆ.

“ಅಣ್ಣಾ, ಮೇಲೊಂದು ಪದರ ಹೊಡ್ದು ಪೇಂಟ್ ಬಳಿದ್ಬುಡಿ. ಈ ಬೇಸ್ಗೆ ಕಳೀಲಿ, ಆಮ್ಯಾಕೆ ನೋಡೋಣ,” ಎಂದ ಮೀನುಗಾರ.

“ಬಳಿದ್ರೆ ನಿಂಗೆ ಕಾಣಾಕಿಲ್ಲ ಕಣಪ್ಪಾ, ನೀರ್ಗೆ ಕಾಣ್ತದೆ,” ಎಂದರು ಮೇಸ್ತ್ರಿ.

ಫೈಬರ್ ಒಳಗೆ ಮರ ಏಕೆ?

‘ಫೈಬರ್ ದೋಣಿ ಕೊಳೆಯುವುದಿಲ್ಲ’ ಎಂದು ಮಾರುವವರು ಹೇಳುತ್ತಾರೆ. ಮಾತು ಸುಳ್ಳಲ್ಲ, ಅರ್ಧ ಸತ್ಯ. ಗಾಜು ಕೊಳೆಯುವುದಿಲ್ಲ. ಆದರೆ ಅನೇಕ ದೋಣಿಗಳಲ್ಲಿ ಆ ಗಾಜಿನ ಚರ್ಮದೊಳಗೆ ಮರ ಅಡಗಿರುತ್ತದೆ. ತಳದ ಉದ್ದಕ್ಕೂ ಓಡುವ ತೊಲೆಗಳು, ಕಾಲಿಡುವ ನೆಲಹಲಗೆ, ಎಂಜಿನ್ ಹೊರುವ ಹಿಂಬದಿಯ ಹಲಗೆ, ಇವೆಲ್ಲ ಸಾಮಾನ್ಯವಾಗಿ ಮರ ಅಥವಾ ಪ್ಲೈವುಡ್. ಅದರ ಮೇಲೆ ಫೈಬರ್ ಹೊದಿಕೆ.

ಏಕೆ ಹೀಗೆ? ಮಕ್ಕಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಅಡ್ಡಲಾಗಿ ಹಿಡಿದು ಬಗ್ಗಿಸಿದರೆ ಸುಲಭವಾಗಿ ಬಗ್ಗುತ್ತದೆ. ಅದನ್ನೇ ಅಂಚು ಮೇಲಾಗಿ ನಿಲ್ಲಿಸಿ ಬಗ್ಗಿಸಲು ನೋಡಿ, ಜಗ್ಗುವುದಿಲ್ಲ. ಬಾಗುವ ದಿಕ್ಕಿನಲ್ಲಿ ದಪ್ಪ ಎರಡರಷ್ಟಾದರೆ ಬಿಗುವು ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ಫೈಬರನ್ನೇ ಅಷ್ಟು ದಪ್ಪ ಹಾಕಿದರೆ ದೋಣಿ ಭಾರ, ಖರ್ಚೂ ವಿಪರೀತ. ಆದ್ದರಿಂದ ಎರಡು ತೆಳು ಫೈಬರ್ ಪದರಗಳ ನಡುವೆ ಹಗುರವಾದ ಮರವನ್ನಿಟ್ಟು ದಪ್ಪ ಗಳಿಸುತ್ತಾರೆ. ಮರ ಗಟ್ಟಿಯಿರುವವರೆಗೆ ಎರಡು ಪದರಗಳೂ ಒಂದಾಗಿ ಕೆಲಸ ಮಾಡುತ್ತವೆ. ಮರ ಕೊಳೆತು ಮೆತ್ತಗಾದ ದಿನ ಅವು ಎರಡು ತೆಳು ರೊಟ್ಟಿಗಳು ಮಾತ್ರ. ಹೊರಗೆ ಹೊಳಪು ಹಾಗೆಯೇ ಇರುತ್ತದೆ, ಬಲ ಮಾತ್ರ ಇರುವುದಿಲ್ಲ. ಎಂಜಿನ್ ಎಳೆತಕ್ಕೆ ಹಿಂಬದಿಯ ಹಲಗೆ ಕೆರೆಯ ನಡುವೆ ಕಿತ್ತುಬಂದರೆ ಆ ಬಾಯಿಂದ ನೀರು ನುಗ್ಗಲು ನಿಮಿಷಗಳು ಸಾಕು.

ನೀರಲ್ಲಿ ಮುಳುಗಿದ್ದು ಉಳಿಯಿತು, ನೆನೆದದ್ದು ಕೊಳೆಯಿತು

ಮರ ಕೊಳೆಯುವುದು ನೀರಿನಿಂದ ಎಂದು ನಾವು ತಿಳಿಯುತ್ತೇವೆ. ನಿಜವಾಗಿ ಕೊಳೆಸುವುದು ನೀರಲ್ಲ, ಶಿಲೀಂಧ್ರ. ಮಳೆಗಾಲದಲ್ಲಿ ಬೀಳುಮರದ ಮೇಲೆ ಏಳುವ ಅಣಬೆಯ ಬಂಧುಗಳೇ ಇವು. ಇವಕ್ಕೆ ನಾಲ್ಕು ಅನುಕೂಲ ಬೇಕು: ತಿನ್ನಲು ಮರ, ತೇವ, ಗಾಳಿ, ಹಿತವಾದ ಬಿಸಿ. ಮರದ ತೇವಾಂಶ ಅದರ ಒಣ ತೂಕದ ಶೇ. 20ಕ್ಕಿಂತ ಕೆಳಗಿದ್ದರೆ ಇವು ಬೆಳೆಯಲಾರವು. ಹಾಗೆಯೇ ಮರ ಪೂರ್ತಿ ಮುಳುಗಿ ಗಾಳಿ ಸಿಗದಿದ್ದರೂ ಬೆಳೆಯಲಾರವು.

ರೈತರಿಗೆ ಇದು ಗೊತ್ತಿರುವ ಸಂಗತಿ. ಬೇಲಿಯ ಗೂಟ ಕೊಳೆಯುವುದು ತುದಿಯಲ್ಲಲ್ಲ, ಬುಡದಲ್ಲೂ ಅಲ್ಲ, ನೆಲಮಟ್ಟದಲ್ಲಿ. ಮೇಲೆ ತೇವ ಸಾಲದು, ಆಳದಲ್ಲಿ ಗಾಳಿ ಸಾಲದು, ನೆಲಮಟ್ಟದಲ್ಲಿ ಎರಡೂ ಇವೆ. ಹಳೆಯ ಬಾವಿಗಳ ತಳಕ್ಕೆ ಮರದ ಚೌಕಟ್ಟು ಇಟ್ಟು ಅದರ ಮೇಲೆ ಕಲ್ಲು ಕಟ್ಟುತ್ತಿದ್ದುದುಂಟು. ಇಟಲಿಯ ವೆನಿಸ್ ನಗರದ ಕಟ್ಟಡಗಳು ಕೆಸರಿನಲ್ಲಿ ಹೂತ ಮರದ ಕಂಬಗಳ ಮೇಲೆ ನೂರಾರು ವರ್ಷಗಳಿಂದ ನಿಂತಿವೆ.

ದೋಣಿಯ ಒಳಗಿನ ಮರದ ಗ್ರಹಚಾರವೆಂದರೆ ಅದು ಮುಳುಗಿಯೂ ಇಲ್ಲ, ಒಣಗಿಯೂ ಇಲ್ಲ. ಯಾರೋ ಕೊಕ್ಕೆ ಹಾಕಲು ಒಂದು ಸ್ಕ್ರೂ ತಿರುಗಿಸುತ್ತಾರೆ, ತೂತಿನ ಒಳಗೋಡೆಗೆ ಅಂಟು ಬಳಿಯುವುದಿಲ್ಲ. ಮಳೆಯ ನೀರು ಹನಿಹನಿಯಾಗಿ ಒಳಗಿಳಿಯುತ್ತದೆ. ಸುತ್ತ ಫೈಬರ್ ಇರುವುದರಿಂದ ಒಳಹೋದ ತೇವ ಹೊರಬರಲಾರದು. ನೀರನ್ನು ಹೊರಗಿಡಲು ಮಾಡಿದ ಹೊದಿಕೆಯೇ ನೀರನ್ನು ಒಳಗೆ ಕೂಡಿಹಾಕುತ್ತದೆ. ಸಮುದ್ರದ ಉಪ್ಪುನೀರು ಶಿಲೀಂಧ್ರಕ್ಕೆ ಅಷ್ಟಾಗಿ ಒಗ್ಗದು. ಮಳೆಯ ನೀರು, ಕೆರೆಯ ಸಿಹಿನೀರು ಒಗ್ಗುತ್ತದೆ. ಮೂವತ್ತು ಡಿಗ್ರಿ ಆಸುಪಾಸಿನ ನಮ್ಮ ಬಿಸಿ ಅದಕ್ಕೆ ಇನ್ನಷ್ಟು ಹಿತ. ಹೀಗಾಗಿ ಕೆರೆಗೆ ಬಂದ ಹಳೆ ಫೈಬರ್ ದೋಣಿಯನ್ನು ಹೆಚ್ಚು ಜಾಗ್ರತೆಯಿಂದ ನೋಡಬೇಕು.

ಕೆರೆಯ ಏರಿಗೂ ಇದೇ ಮಾತು. ಏರಿ ಒಡೆಯುವುದು ಮೇಲೆ ಹರಿದ ನೀರಿನಿಂದ ಮಾತ್ರವಲ್ಲ. ಒಳಗೆ ಏಡಿಯೋ ಇಲಿಯೋ ಕೊರೆದ ಬಿಲದಲ್ಲಿ ನೀರು ಜಿನುಗಿ, ಮಣ್ಣನ್ನು ಕಣಕಣವಾಗಿ ಹೊತ್ತೊಯ್ದು, ಒಂದು ದಿನ ಏರಿಯೇ ಕುಸಿಯುವುದುಂಟು. ಅದಕ್ಕೇ ಹಿಂದಿನ ಕಾಲದಲ್ಲಿ ನೀರಗಂಟಿ ಏರಿಯ ಹಿಂಬದಿಯಲ್ಲಿ ಒದ್ದೆ ಮಚ್ಚೆ ಹುಡುಕುತ್ತಾ ನಡೆಯುತ್ತಿದ್ದುದು. ತೊಣ್ಣೂರು ಕೆರೆ ಇಷ್ಟು ಶತಮಾನ ಬಾಳಿರುವುದು ಕಟ್ಟಿದವರ ಜಾಣತನ ಒಂದರಿಂದಲೇ ಅಲ್ಲ. ಕಾಲಕಾಲಕ್ಕೆ ನೋಡಿ ದುರಸ್ತಿ ಮಾಡಿದವರಿಂದಲೂ.

ಬಿಚ್ಚಿ ನೋಡಿದಾಗ

ಕೊನೆಗೆ ಮೀನುಗಾರ ಒಪ್ಪಿದ. ಒಪ್ಪಿಸಿದ್ದು ಮಗನ ಒಂದು ಮಾತು: “ಅಪ್ಪಾ, ನಿಂಗೂ ನಂಗೂ ಇಬ್ರಿಗೂ ಈಜು ಬತ್ತದೆ ಸರಿ. ಬಲೆ ಕಾಲ್ಗೆ ಸುತ್ಕಂಡ್ರೆ?”

ಕೆಲಸ ಹಿಡಿದದ್ದು ಎರಡು ವಾರ. ಮೊದಲು ದೋಣಿಯನ್ನು ನೆರಳಿಗೆ ತಂದು, ಮರಳಿನ ಮೂಟೆ ಮತ್ತು ಮರದ ಗುಜ್ಜುಗಳ ಮೇಲೆ ಸಮವಾಗಿ ಕೂರಿಸಿದರು. ಒಳಗಿನ ತೊಲೆ ಕಿತ್ತ ಮೇಲೆ ಮೈ ಸಡಿಲವಾಗುತ್ತದೆ. ಆಗ ಸೊಟ್ಟ ಕೂತರೆ ಹೊಸ ತೊಲೆಯೂ ಸೊಟ್ಟಕ್ಕೇ ಅಂಟಿಬಿಡುತ್ತದೆ. ಅನಂತರ ಒಳಬದಿಯ ಫೈಬರ್ ಪದರವನ್ನು ಮಾತ್ರ ಕತ್ತರಿಸಿ ತೆಗೆದರು. ಹೊರಮೈಯನ್ನು ಮುಟ್ಟಲಿಲ್ಲ, ನೀರು ತಡೆಯುವುದು ಅದೇ.

ಒಳಗಿನ ಪ್ಲೈವುಡ್ಡು ಉಳಿಯೂ ಬೇಡ, ಕೈಯಲ್ಲೇ ನೆನೆದ ಬೆಲ್ಲದಂತೆ ಬಂತು. ಕೊಳೆತ ಜಾಗ ಮುಗಿದು ಗಟ್ಟಿಮರ ಸಿಕ್ಕ ಮೇಲೂ ಮೇಸ್ತ್ರಿ ನಿಲ್ಲಿಸಲಿಲ್ಲ, ಇನ್ನೂ ಒಂದು ಗೇಣು ಮುಂದಕ್ಕೆ ಕತ್ತರಿಸಿದರು. ಶಿಲೀಂಧ್ರದ ಎಳೆಗಳು ಕಣ್ಣಿಗೆ ಕಾಣುವ ಕೊಳೆತಕ್ಕಿಂತ ಮುಂದೆ ಹಬ್ಬಿರುತ್ತವೆ. ಬಿಟ್ಟ ಬೇರಿನಿಂದ ಗರಿಕೆ ಮತ್ತೆ ಚಿಗುರುವಂತೆ ಅಲ್ಲಿಂದ ಮತ್ತೆ ಶುರು. ಹೀಗೆ ಬರಿದಾದ ಮೈಯನ್ನು ಹಲವು ದಿನ ಒಣಗಲು ಬಿಟ್ಟರು. ಮೀನುಗಾರನಿಗೆ ಅವಸರ. ಆದರೆ ಒದ್ದೆಯ ಮೇಲೆ ಅಂಟು ಹಿಡಿಯದು, ಹಿಡಿದರೂ ಒಳಗೆ ಹೊಸ ಕೊಳೆಗೆ ಬೀಜ ಬಿತ್ತಿದಂತೆ.

ಒಣಗಿದ ಫೈಬರನ್ನು ಒರಟು ಉಪ್ಪುಕಾಗದದಿಂದ ಉಜ್ಜಿದರು. ಈ ಹೊತ್ತಿನಲ್ಲಿ ಮೇಸ್ತ್ರಿ ಮೂಗು ಬಾಯಿಗೆ ಮುಖಗವಸು, ಕಣ್ಣಿಗೆ ಕನ್ನಡಕ, ಉದ್ದ ತೋಳಿನ ಅಂಗಿ ಹಾಕಿಕೊಂಡರು, ಹುಡುಗನಿಗೂ ಹಾಕಿಸಿದರು. ಗಾಜಿನ ಧೂಳು ಚರ್ಮಕ್ಕೆ ತುರಿಕೆ, ಶ್ವಾಸಕೋಶಕ್ಕೆ ಕೇಡು.

ಹೊಸ ಹಲಗೆಗೆ ಆರಿಸಿದ್ದು ‘ಐ.ಎಸ್. 710’ ಎಂಬ ಭಾರತೀಯ ಮಾನಕದ ಗುರುತಿರುವ ಮೆರೈನ್ ಪ್ಲೈವುಡ್. ಇದರ ಪದರಗಳ ನಡುವಿನ ಅಂಟು ಕುದಿವ ನೀರನ್ನೂ ತಾಳಬಲ್ಲದು. ಮರವನ್ನು ಕಾಯುವ ವಿದ್ಯೆಯಲ್ಲಿ ನಮ್ಮ ದೇಶದ ಪಾಲೂ ಇದೆ ಎಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳ ಮಿಶ್ರಣದಲ್ಲಿ ಮರವನ್ನು ನೆನೆಸಿ ಶಿಲೀಂಧ್ರ, ಗೆದ್ದಲುಗಳಿಂದ ಕಾಪಾಡುವ ವಿಧಾನವನ್ನು 1933ರಲ್ಲಿ ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶನ್. ಲೋಕವೆಲ್ಲ ಇದನ್ನು ಬಳಸಿತು. ಆರ್ಸೆನಿಕ್ ವಿಷವೆಂಬ ಕಾರಣಕ್ಕೆ ಹಲವು ದೇಶಗಳಲ್ಲಿ ಮನೆಬಳಕೆಗೆ ಈಗ ನಿರ್ಬಂಧವಿದೆ. ಅಗ್ಗದ ರಬ್ಬರ್ ಮರವನ್ನು ಹೀಗೆ ಸಂಸ್ಕರಿಸಿ, ಮೇಲೆ ಫೈಬರ್ ಹೊದಿಸಿ ಸಣ್ಣ ಮೀನುಗಾರರಿಗೆ ದೋಣಿ ಮಾಡುವ ಪ್ರಯೋಗವನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಡೆಸಿದೆ. ಮರದ ಗುಣದೋಷಗಳ ಅಧ್ಯಯನಕ್ಕೆಂದೇ ಬೆಂಗಳೂರಿನ ಮಲ್ಲೇಶ್ವರದಲ್ಲಿ ಒಂದು ಸಂಸ್ಥೆಯಿದೆ. 1938ರಲ್ಲಿ ಮೈಸೂರು ಸಂಸ್ಥಾನದ ಪ್ರಯೋಗಾಲಯವಾಗಿ ಆರಂಭವಾದದ್ದು.

ಅಂಟಿನ ಕೆಲಸ, ರಸಾಯನಶಾಸ್ತ್ರದ ಪಾಠ

ದೋಣಿಯ ಮೈ ಪಾಲಿಯೆಸ್ಟರ್ ರೆಸಿನ್ನಿನದು. ಆದರೆ ಮರವನ್ನು ಕೂಡಿಸಲು ಮೇಸ್ತ್ರಿ ಬಳಸಿದ್ದು ಎಪಾಕ್ಸಿ. ಬೆಲೆ ಹೆಚ್ಚು, ಆದರೆ ಮರವನ್ನೂ ಹಳೆಯ ಫೈಬರನ್ನೂ ಅದು ಹಿಡಿಯುವಷ್ಟು ಬಿಗಿಯಾಗಿ ಪಾಲಿಯೆಸ್ಟರ್ ಹಿಡಿಯದು. ಹಲಗೆಯ ಎಲ್ಲ ಬದಿಗಳಿಗೂ, ಮುಖ್ಯವಾಗಿ ಅಂಚುಗಳಿಗೆ, ಎಪಾಕ್ಸಿ ಕುಡಿಸಿದರು. ಮರ ನೀರು ಹೀರುವುದು ಹೆಚ್ಚಾಗಿ ಕತ್ತರಿಸಿದ ತುದಿಯಿಂದ. ಹುಲ್ಲಿನ ಕಟ್ಟಿನ ಕೊನೆಯಲ್ಲಿ ಕೊಳವೆಗಳ ಬಾಯಿ ಕಾಣುವಂತೆ ಅಲ್ಲಿ ನಾಳಗಳ ಬಾಯಿ ತೆರೆದಿರುತ್ತದೆ.

ಎಪಾಕ್ಸಿಗೆ ಪುಡಿ ಬೆರೆಸಿ ಬೆಣ್ಣೆಯ ಹದಕ್ಕೆ ತಂದು, ಹಲಗೆಯ ಹಿಂದೆ ಎಲ್ಲೂ ಗಾಳಿಯ ಪೊಳ್ಳು ಉಳಿಯದಂತೆ ಹಚ್ಚಿ ಒತ್ತಿದರು. ಹಲಗೆ ಮೈಗೆ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ, ಅದೇ ಮಿಶ್ರಣದಿಂದ ದುಂಡಗೆ ತೀಡಿದರು. ಗಾಜಿನ ಚಾಪೆ ಚೂಪು ಮೂಲೆಯಲ್ಲಿ ಬಾಗದೆ ಎದ್ದು ನಿಲ್ಲುತ್ತದೆ, ಬಲವೂ ಅಲ್ಲೇ ಒಡೆಯುತ್ತದೆ. ಕೊನೆಗೆ ಹೊಸ ಫೈಬರ್ ಪದರಗಳು. ಹಳೆಯ ಪದರದ ಅಂಚನ್ನು ಅದರ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿದ್ದರು. ನಾಲ್ಕು ಮಿ.ಮೀ. ದಪ್ಪಕ್ಕೆ ಸುಮಾರು ಐದು ಸೆಂ.ಮೀ. ಇಳಿಜಾರು. ಬೆಸುಗೆಯ ಜಾಗ ಅಗಲವಾದಷ್ಟೂ ಭಾರ ಹಂಚಿಹೋಗುತ್ತದೆ.

ಹುಡುಗನಿಗೆ ಮೇಸ್ತ್ರಿ ಮತ್ತೆ ಮತ್ತೆ ಹೇಳಿದ ಎಚ್ಚರಿಕೆ ಪಾಲಿಯೆಸ್ಟರ್ ರೆಸಿನ್ನಿನದು. ಅದನ್ನು ಗಟ್ಟಿಯಾಗಿಸಲು ಎರಡು ದ್ರವ ಬೇಕು: ಒಂದು ಕೋಬಾಲ್ಟಿನದು, ಇನ್ನೊಂದು ಪೆರಾಕ್ಸೈಡ್. ಒಂದನ್ನು ರೆಸಿನ್ನಿಗೆ ಚೆನ್ನಾಗಿ ಬೆರೆಸಿದ ಮೇಲೆಯೇ ಇನ್ನೊಂದನ್ನು ಹಾಕಬೇಕು. ಎರಡನ್ನೂ ನೇರವಾಗಿ ಸೇರಿಸಿದರೆ ಸಿಡಿಯುತ್ತದೆ. ಪೆರಾಕ್ಸೈಡಿನ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಅಪಾಯ. ಎಪಾಕ್ಸಿಯಾಗಲಿ ಪಾಲಿಯೆಸ್ಟರಾಗಲಿ, ಗಟ್ಟಿಯಾಗುವಾಗ ಶಾಖ ಬಿಡುತ್ತದೆ. ಡಬ್ಬಿಯಲ್ಲಿ ಹೆಚ್ಚು ಕಲಸಿಟ್ಟರೆ ಶಾಖ ಹೊರಹೋಗದೆ ಹೊಗೆಯಾಡುತ್ತದೆ. ಪುಸ್ತಕದಲ್ಲಿ ‘ಶಾಖ ಬಿಡುಗಡೆ ಮಾಡುವ ಕ್ರಿಯೆ’ ಎಂದು ಬಾಯಿಪಾಠ ಮಾಡಿದ್ದನ್ನು ಆ ಹುಡುಗ ಬೆರಳಲ್ಲೇ ಮುಟ್ಟಿ ತಿಳಿದ.

ಎಂಜಿನ್ನಿನ ಬೋಲ್ಟುಗಳಿಗೆ ತೂತು ಕೊರೆಯುವಾಗಲೂ ಒಂದು ಕ್ರಮ. ಬೇಕಾದುದಕ್ಕಿಂತ ದೊಡ್ಡ ತೂತು ಕೊರೆದು, ಅದನ್ನು ಎಪಾಕ್ಸಿಯಿಂದ ಪೂರ್ತಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಅಳತೆಯ ತೂತು ಕೊರೆದರು. ಇನ್ನು ಬೋಲ್ಟಿನ ಸುತ್ತ ನೀರು ಇಳಿದರೂ ಮರ ಅದಕ್ಕೆ ಸಿಗದು. ಮೊದಲ ಬಾರಿ ದೋಣಿ ಕಟ್ಟಿದಾಗ ಇಷ್ಟು ಮಾಡಿದ್ದರೆ ಈ ಎರಡು ವಾರದ ಕೆಲಸವೇ ಬೇಕಿರಲಿಲ್ಲ.

ಹಳೆಯದನ್ನು ಎಸೆದು ಹೊಸದು ಕೊಳ್ಳಬಹುದಲ್ಲ ಎಂದು ಯಾರಾದರೂ ಕೇಳಬಹುದು. ಒಮ್ಮೆ ಗಟ್ಟಿಯಾದ ರೆಸಿನ್ ಮತ್ತೆ ಕರಗದು. ಸುಟ್ಟರೆ ವಿಷಹೊಗೆ, ಹೂತರೆ ಕೊಳೆಯದು. ಬಿಟ್ಟ ಫೈಬರ್ ದೋಣಿ ದಡದಲ್ಲಿ ತಲೆಮಾರುಗಟ್ಟಲೆ ಬಿದ್ದಿರುತ್ತದೆ. ಮೈ ಗಟ್ಟಿಯಿರುವಾಗ ಒಳಗಿನ ಮರ ಬದಲಿಸುವುದೇ ಜಾಣತನ.

ತಂದೆತಾಯಿಗಳು ನೋಡಬೇಕಾದ್ದು

ರಜೆ ಬಂತೆಂದರೆ ಶಾಲೆಗಳ ಪ್ರವಾಸ, ಪ್ರವಾಸವೆಂದರೆ ಎಲ್ಲೋ ಒಂದು ಕಡೆ ದೋಣಿವಿಹಾರ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. 2024ರ ಜನವರಿ 18ರಂದು ಗುಜರಾತಿನ ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಜೀವ ಕಳೆದುಕೊಂಡರು. ಅಲ್ಲಿ ಕೇಳಿಬಂದದ್ದು ಕೊಳೆತ ಮರದ ಮಾತಲ್ಲ. ಮಿತಿಮೀರಿ ಜನ ಹತ್ತಿಸಿದ್ದರು ಎಂಬ ದೂರು. ವಡೋದರಾದಲ್ಲಿ ಎಲ್ಲ ಮಕ್ಕಳಿಗೂ ಜೀವರಕ್ಷಕ ಕವಚವಿರಲಿಲ್ಲ. ಆದರೂ ಪಾಠ ಒಂದೇ: ದೋಣಿಯ ಬಣ್ಣ ನೋಡಿ ಮಕ್ಕಳನ್ನು ಹತ್ತಿಸಬಾರದು. ನೆಲಹಲಗೆ ಕಾಲಡಿಯಲ್ಲಿ ಮೆತ್ತಗೆ ಕುಸಿಯುತ್ತಿದೆಯೇ, ಎಂಜಿನ್ ಅಲುಗಿದಾಗ ಹಿಂಬದಿಯ ಹಲಗೆಯೂ ಬಾಗುತ್ತಿದೆಯೇ, ಬೋಲ್ಟಿನ ಸುತ್ತ ಕಂದು ನೀರಿನ ಕಲೆ ಇಳಿದಿದೆಯೇ, ಎಷ್ಟು ಜನರಿಗೆ ಅನುಮತಿ ಎಂದು ಬರೆದಿದೆಯೇ, ಪ್ರತಿಯೊಬ್ಬರಿಗೂ ಕವಚವಿದೆಯೇ? ಐದು ನಿಮಿಷದ ಈ ನೋಟಕ್ಕೆ ಯಾವ ಪದವಿಯೂ ಬೇಡ. ಸಂಶಯ ಬಂದರೆ ದಡದಲ್ಲೇ ಕುಳಿತು ಕೆರೆ ನೋಡಿದರಾಯಿತು.

ತೊಣ್ಣೂರಿನ ದೋಣಿ ನೀರಿಗಿಳಿದದ್ದು ಒಂದು ಬೆಳಿಗ್ಗೆ, ಗಾಳಿ ಏಳುವ ಮುನ್ನ. ಮೇಸ್ತ್ರಿ ಮೊದಲು ಮೊಣಕಾಲು ನೀರಿನಲ್ಲೇ ಅದನ್ನು ಅರ್ಧ ಗಂಟೆ ನಿಲ್ಲಿಸಿ, ಒಳಗೆ ಕೈಯಾಡಿಸಿ, ಎಲ್ಲೂ ತೇವವಿಲ್ಲವೆಂದು ಖಾತ್ರಿ ಮಾಡಿಕೊಂಡರು. ತಂದೆ ಎಂಜಿನ್ ಎತ್ತಿ ಕೂರಿಸಿದ. ಹೊರಡುವಾಗ ಮೇಸ್ತ್ರಿ ಹುಡುಗನ ಕೈಗೆ ತಳದ ತೂತಿನ ಬಿರಡೆಯನ್ನು ಕೊಟ್ಟು ಹೇಳಿದರು: “ದಿನಾ ಸಂಜೆ ದಡಕ್ಕೆ ಎಳ್ದು ಇದನ್ನ ಬಿಚ್ಚು ಮಗ. ಮಳೆಗಾಲ್ದಾಗೆ ಮಗುಚಿ ಹಾಕು. ಕೆರೆ ನೀರ್ಗಿಂತ ಒಳ್ಗೆ ನಿಂತ ನೀರೇ ದೋಣಿ ತಿನ್ನೋದು.”

ಹೋಗುವುದು ಹೇಗೆ: ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲಿ ಪಾಂಡವಪುರ ನಿಲ್ದಾಣವಿದೆ. ಹಿಂದೆ ಊರಿಗೆ ಹಿರೋಡೆ, ಫ್ರೆಂಚ್ ರಾಕ್ಸ್ ಎಂಬ ಹೆಸರುಗಳಿದ್ದವು. ಪಾಂಡವಪುರ ಪಟ್ಟಣದಿಂದ ತೊಣ್ಣೂರಿಗೆ ಬಸ್ಸು, ಆಟೋಗಳಲ್ಲಿ ಹೋಗಬಹುದು. ಕುಂತಿಬೆಟ್ಟ, ಮೇಲುಕೋಟೆಗಳನ್ನು ಸೇರಿಸಿಕೊಂಡರೆ ಒಂದು ದಿನದ ಪ್ರವಾಸ. ಕೆರೆ ಆಳವಾದದ್ದು, ಬಂಡೆಗಳು ಜಾರುತ್ತವೆ. ಮಕ್ಕಳನ್ನು ನೀರಿಗೆ ಬಿಡಬಾರದು.